ಗೀಟು ಮುಟ್ಟುವ ತನಕ

ನಮ್ಮ ದೊಡ್ಡಮ್ಮನಿಗೆ ಮೆತ್ತಗೆ ಮಾತನಾಡಲು ಬರುವುದಿಲ್ಲ. ಕಲಿಸಲು ಹೋದವರೆಲ್ಲ ಸೋತು ಕೈಬಿಟ್ಟಿದ್ದಾರೆ. ಬೆಳಗ್ಗೆ ಎದ್ದು "ಹಾಲು ಬಂತೇನೇ?" ಎಂದು ಅವಳು ಒಳಗಿನಿಂದ ಕೇಳಿದರೆ ಪಕ್ಕದ ಮನೆಯವರು ಬಾಗಿಲು ತೆಗೆದು ತಮ್ಮ ಹಾಲು ಬಂದಿದೆಯೇ ಎಂದು ನೋಡಿಕೊಳ್ಳುತ್ತಾರೆ. ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಅವಳಿಗೆ ಮೈಕ್ ಸಿಸ್ಟರ್ ಎಂದು ಹೆಸರು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ. ಹಿಂದಿನಿಂದ ಅಂದದ್ದು ಅವಳಿಗೆ ಗೊತ್ತಿತ್ತು, ಅದಕ್ಕೆ ಅವಳು ಬೇಸರಪಟ್ಟದ್ದೂ ಇಲ್ಲ.

ನನ್ನ ಅಮ್ಮ ಇವಳ ಒಡಹುಟ್ಟಿದ ತಂಗಿ ಎಂದರೆ ಯಾರೂ ನಂಬುವುದಿಲ್ಲ. ಫೋನಿನಲ್ಲಿ ಅಮ್ಮ ಮಾತನಾಡುತ್ತಿದ್ದರೆ ಆ ಕಡೆಯವರು "ಇದ್ದೀರಾ?" ಎಂದು ಕೇಳುತ್ತಲೇ ಇರಬೇಕು. ಅಕ್ಕತಂಗಿ ಇಬ್ಬರೂ ಎಲ್ಲಿ ಕೂತರೂ ಅಮ್ಮನದು ಒಂದೇ ರಾಗ, "ಮೆತ್ತಗೆ ಮಾತಾಡಕ್ಕ, ಜನ ನೋಡ್ತಾರೆ." ದೊಡ್ಡಮ್ಮನದೂ ಒಂದೇ ಉತ್ತರ, "ನೋಡ್ಲಿ ಬಿಡು, ದೇವರು ಕಣ್ಣು ಕೊಟ್ಟಿರೋದು ಅದಕ್ಕೇ." ನಾನು ಹುಟ್ಟಿದಾಗಿನಿಂದ ಈ ಜುಗಲ್‌ಬಂದಿ ಕೇಳಿಕೊಂಡೇ ಬೆಳೆದವಳು.

ಅಮ್ಮನನ್ನು ಕಂಡರೆ ಎಲ್ಲರಿಗೂ ಇಷ್ಟ. ಯಾರದೇ ಮನೆಯಲ್ಲಿ ಕಷ್ಟ ಅಂದರೂ ಮೊದಲು ಕಣ್ಣೊದ್ದೆ ಮಾಡಿಕೊಳ್ಳುವವಳು ಅವಳು. ದೊಡ್ಡಮ್ಮನನ್ನು ಕಂಡರೆ ಎಲ್ಲರೂ ಮಾರು ದೂರ ಸರಿಯುತ್ತಾರೆ. ನಾನು ಬಸ್ ಕಂಡಕ್ಟರ್. ದಿನವಿಡೀ ನೂರು ತರದ ಜನರ ಬಾಯಿ ನೋಡುವವಳು. ನಯವಾಗಿ ಮಾತನಾಡುವವರನ್ನೆಲ್ಲ ಒಳ್ಳೆಯವರೆಂದೂ ಗಟ್ಟಿಯಾಗಿ ಮಾತನಾಡುವವರನ್ನೆಲ್ಲ ಕೆಟ್ಟವರೆಂದೂ ಎಣಿಸುವ ಈ ಲೋಕದ ಲೆಕ್ಕಾಚಾರ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಉರಿ ಹತ್ತಿದ್ದು ನನ್ನ ಮಗಳು ಹುಟ್ಟಿದಾಗ, ಇನ್ನೂ ಆರಿಲ್ಲ.

ದೊಡ್ಡಮ್ಮ ಕೆಲಸಕ್ಕೆ ಸೇರಿದ್ದು ತೀರಾ ಚಿಕ್ಕ ವಯಸ್ಸಿನಲ್ಲಿ. ತಾತ ಕಣ್ಣು ಮುಚ್ಚಿದ್ದರು, ಅಮ್ಮ ಇನ್ನೂ ಶಾಲೆಗೆ ಹೋಗುತ್ತಿದ್ದಳು. ನರ್ಸಿಂಗ್ ಓದಿದ ಮೇಲೆ ಇವಳನ್ನು ಹಾಕಿದ್ದು ಎಳೆಗೂಸುಗಳ ಕೋಣೆಗೆ. ಹುಟ್ಟುತ್ತಲೇ ಕಾಯಿಲೆ ಬಿದ್ದ ಮಕ್ಕಳನ್ನು ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಟ್ಟು ನೋಡಿಕೊಳ್ಳುವ ಜಾಗ ಅದು. ಇಂಥ ಗಂಟಲಿನವಳು ಅಲ್ಲಿ ಒಂದು ವಾರ ನಿಂತರೆ ಹೆಚ್ಚು ಎಂದು ಉಳಿದವರು ನಕ್ಕರಂತೆ. ನಿವೃತ್ತಿಯಾಗುವವರೆಗೂ ಅವಳು ಆ ಕೋಣೆ ಬಿಟ್ಟು ಬರಲಿಲ್ಲ. ಮದುವೆಗೆಂದು ನೋಡಲು ಬಂದ ಒಬ್ಬ ಮಹಾನುಭಾವ "ಕೆಲಸ ಬಿಡಬೇಕಾಗುತ್ತೆ" ಅಂದನಂತೆ. "ಹಾಗಾದ್ರೆ ಕಾಫಿ ಕುಡಿದು ಹೊರಡಿ, ಆರಿಹೋಗುತ್ತೆ" ಅಂದಳಂತೆ ಇವಳು. ಆಮೇಲೆ ಯಾರೂ ನೋಡಲು ಬರಲಿಲ್ಲ.

ಆ ಕೋಣೆಯಲ್ಲಿ ಅವಳು ಮಾಡುತ್ತಿದ್ದ ಮುಖ್ಯ ಕೆಲಸ ಕೂಸುಗಳ ರಕ್ತ ತೆಗೆಯುವುದು. ಎಳೆಗೂಸಿಗೆ ಸೋಂಕು ತಗುಲಿದರೆ ಅದು ಬಾಯಿಬಿಟ್ಟು ಹೇಳುವುದಿಲ್ಲ. ಎಷ್ಟೋ ಸಲ ಜ್ವರವೂ ಬರುವುದಿಲ್ಲ. ಹಾಲು ಸ್ವಲ್ಪ ಕಡಿಮೆ ಕುಡಿಯುತ್ತದೆ, ಸ್ವಲ್ಪ ಹೆಚ್ಚು ಮಲಗುತ್ತದೆ, ಅಷ್ಟೇ. ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯಬೇಕಾದರೆ ರಕ್ತವನ್ನೇ ಕೇಳಬೇಕು. ಅದಕ್ಕೆ ಮುಖ್ಯವಾಗಿ ಎರಡು ಪರೀಕ್ಷೆ. ಒಂದು ಬೇಗ ಗೊತ್ತಾಗುವಂಥದ್ದು. ಮೈಗೆ ಸೋಂಕು ಹೊಕ್ಕಾಗ ರಕ್ತದಲ್ಲಿ ಏರುವ ಒಂದು ಅಂಶವನ್ನು ಅಳೆಯುವುದು. ಆದರೆ ಅದು ಏರಲು ಅರ್ಧ ದಿನವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ, ಹುಟ್ಟಿದ ಕೂಡಲೇ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅದಕ್ಕೇ ಮಾರನೇ ದಿನ ಮತ್ತೊಮ್ಮೆ ನೋಡಬೇಕು. ಇನ್ನೊಂದು ಕಲ್ಚರ್. ರಕ್ತವನ್ನು ಒಂದು ಬಾಟಲಿಯೊಳಗಿನ ಸಾರದಲ್ಲಿ ಹಾಕಿ ಬೆಚ್ಚಗಿಟ್ಟು, ಕ್ರಿಮಿ ಬೆಳೆಯುತ್ತದೆಯೇ ಎಂದು ಕಾದು ನೋಡುವುದು.

ಈ ಕಲ್ಚರಿನ ವಿಷಯದಲ್ಲಿ ದೊಡ್ಡಮ್ಮ ರಾಕ್ಷಸಿ. ಕೂಸಿನ ಕೈಯನ್ನು ಬೆಚ್ಚನೆ ಬಟ್ಟೆಯಲ್ಲಿ ಸುತ್ತಿ ನರ ಎದ್ದು ಬರುವ ತನಕ ಕಾಯಬೇಕು. ಸ್ಪಿರಿಟ್ ಹಚ್ಚಿದ ಮೇಲೆ ಅದು ತಾನಾಗಿ ಒಣಗಬೇಕು, ಊದಿ ಒಣಗಿಸಿದವರಿಗೆ ಅಲ್ಲೇ ಮಂಗಳಾರತಿ. ಮತ್ತೆ ರಕ್ತ ಸಿರಿಂಜಿನಲ್ಲಿ ಒಂದು ಎಂಎಲ್‌ನ ಗೀಟು ಮುಟ್ಟಲೇಬೇಕು. "ಗೀಟು ಮುಟ್ಟಿತಾ?" ಎಂದು ಅವಳು ತನ್ನ ಕೈಕೆಳಗಿನ ಹುಡುಗಿಯರನ್ನು ದಿನಕ್ಕೆ ಅದೆಷ್ಟು ಸಲ ಕೇಳುತ್ತಿದ್ದಳೋ. ಮನೆಗೆ ಬಂದು ಅಡುಗೆ ಮಾಡುವಾಗಲೂ ನೀರಿನ ಪಾತ್ರೆ ನೋಡಿ ಹಾಗೇ ಕೇಳುತ್ತಿದ್ದಳು.

ಒಮ್ಮೆ ನಾನು, "ಅಷ್ಟು ಪುಟ್ಟ ಮೈಯಿಂದ ಅಷ್ಟೊಂದು ಯಾಕೆ ದೊಡ್ಡಮ್ಮ? ನಾಲ್ಕು ಹನಿ ಸಾಲಲ್ವಾ?" ಅಂದಿದ್ದೆ.

ಅವಳು ಅಕ್ಕಿ ಆರಿಸುತ್ತಿದ್ದಳು. ಮೊರವನ್ನು ನನ್ನ ಮುಂದೆ ತಳ್ಳಿ, ಒಂದು ಚಿಟಿಕೆ ಅಕ್ಕಿ ಎತ್ತಿ ನನ್ನ ಅಂಗೈಯಲ್ಲಿ ಹಾಕಿದಳು.

"ಕಲ್ಲಿದೆಯಾ?"

"ಇಲ್ಲ."

"ಹಾಗಾದ್ರೆ ಈ ಮೊರದಲ್ಲೇ ಕಲ್ಲಿಲ್ಲ. ಹೋಗಿ ಅನ್ನ ಮಾಡು, ಹಲ್ಲು ಮುರ್ಕೊಂಡು ಬಾ."

ಕೂಸಿನ ರಕ್ತದಲ್ಲಿ ಕ್ರಿಮಿ ಇರುವುದೇ ಬೆರಳೆಣಿಕೆಯಷ್ಟು. ನಾಲ್ಕು ಹನಿ ತೆಗೆದರೆ ಅದು ಆ ನಾಲ್ಕು ಹನಿಯಲ್ಲಿ ಸಿಗದೇ ಹೋಗಬಹುದು. ಬಾಟಲಿಯಲ್ಲಿ ಏನೂ ಬೆಳೆಯುವುದಿಲ್ಲ. ರಿಪೋರ್ಟ್ ಚೆನ್ನಾಗಿ ಬರುತ್ತದೆ. ಕೂಸು ಮಾತ್ರ ಚೆನ್ನಾಗಿರುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಅಂಥದ್ದೊಂದನ್ನು ಕಂಡಿದ್ದಳಂತೆ. ಮನೆಗೆ ಹೋಗಿದ್ದ ಕೂಸನ್ನು ಅಪ್ಪ ಅದೇ ಬಟ್ಟೆಯಲ್ಲಿ ಸುತ್ತಿಕೊಂಡು ಮರಳಿ ತಂದ. ಅದಾಗಲೇ ತಣ್ಣಗಾಗಿತ್ತು. ಅವನು ಅಳಲೂ ಇಲ್ಲ, ಬೈಯಲೂ ಇಲ್ಲ. "ರಿಪೋರ್ಟ್ ಚೆನ್ನಾಗಿತ್ತಲ್ಲ ಸಿಸ್ಟರ್?" ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯುತ್ತ ನಿಂತಿದ್ದ. ಇದನ್ನು ಹೇಳುವಾಗ ಮಾತ್ರ ದೊಡ್ಡಮ್ಮನ ದನಿ ಸಾಮಾನ್ಯರ ದನಿಯಷ್ಟಾಯಿತು.

ಆಮೇಲೆ ಅವಳು ಆ ಕೋಣೆಯಲ್ಲಿ ಒಂದು ಕಟ್ಟಳೆ ತಂದಳು. ಸೂಜಿ ಕೂಸಿನ ಕೈಯಲ್ಲಿರುವಾಗ ಯಾರೂ "ಅಯ್ಯೋ ಪಾಪ" ಅನ್ನಬಾರದು. ಅಂದವರು ಆಚೆಗೆ. ನರ್ಸಾದರೂ ಸರಿ, ಡಾಕ್ಟರಾದರೂ ಸರಿ, ಕೂಸಿನ ಅಜ್ಜಿಯಾದರೂ ಸರಿ. ಅಯ್ಯೋ ಪಾಪ ಅಂದ ಕೂಡಲೇ ಸೂಜಿ ಹಿಡಿದ ಕೈ ಸಡಿಲವಾಗುತ್ತದೆ, ರಕ್ತ ಗೀಟಿನವರೆಗೆ ಬರುವುದಿಲ್ಲ. ಇದು ಅವಳು ಕಣ್ಣಾರೆ ಕಂಡ ಸಂಗತಿ. ಆಸ್ಪತ್ರೆಯಲ್ಲಿ ಅವಳಿಗೆ ಕರುಳಿಲ್ಲ ಎಂದು ಹೆಸರು ಬಂದದ್ದು ಹೀಗೆ.

ನನಗೆ ದಿನ ತುಂಬಿದಾಗ ಅವಳು ನಿವೃತ್ತಳಾಗಿದ್ದಳು. ಕೈ ನಡುಗುವುದಕ್ಕೆ ಶುರುವಾಗಿ, ಒಂದು ದಿನ ನರ ಸಿಗದೆ ಎರಡನೇ ಸಲ ಚುಚ್ಚಬೇಕಾಗಿ ಬಂದಾಗ, ಮಾರನೇ ದಿನವೇ ಅರ್ಜಿ ಕೊಟ್ಟು ಬಂದವಳು. ನನ್ನ ಹೆರಿಗೆ ಅದೇ ಆಸ್ಪತ್ರೆಯಲ್ಲಿ. ಅವಳು ಆಗ ಗೆಳತಿಯೊಬ್ಬಳ ಆರೈಕೆಗೆಂದು ಬೇರೆ ಊರಿಗೆ ಹೋಗಿದ್ದಳು, ಇನ್ನೂ ವಾರ ಇದೆ ಅಂದುಕೊಂಡು.

ನನಗೆ ನೀರು ಒಡೆದದ್ದು ಒಂದು ಬೆಳಗ್ಗೆ. ನಮ್ಮ ಅತ್ತೆ, "ನೋವೇ ಬಂದಿಲ್ಲ, ಈಗ್ಲೇ ಹೋಗಿ ಅಲ್ಲೇನು ಗೋಡೆ ನೋಡ್ತಾ ಕೂತ್ಕೋತೀಯಾ?" ಅಂದರು. ಗಂಡ ತನ್ನ ಅಮ್ಮನ ಮುಖ ನೋಡಿ ಸುಮ್ಮನಾದ. ನನ್ನಮ್ಮ, ಬೀಗರ ಮಾತು ಮೀರುವುದು ಹೇಗೆ ಎಂದು, ಕೈ ಹಿಸುಕಿಕೊಂಡು ಕೂತಳು. ಸಂಜೆಯ ಹೊತ್ತಿಗೆ ನನಗೆ ಜ್ವರ. ಆಗ ಓಡಿದರು. ಮಗಳು ಹುಟ್ಟಿದ್ದು ಮಾರನೇ ದಿನ ಬೆಳಕು ಹರಿಯುವಾಗ.

ತಾಯಿಗೆ ಜ್ವರ, ನೀರು ಒಡೆದು ಇಷ್ಟು ಹೊತ್ತಾಗಿದೆ, ಮಗುವಿನ ರಕ್ತ ತೆಗೆದು ನೋಡಬೇಕು ಎಂದು ಡಾಕ್ಟರು ಹೇಳಿದರು. ಸರಿಯಾಗಿಯೇ ಹೇಳಿದರು. ತೆಗೆಯಲು ಬಂದದ್ದು ಒಬ್ಬ ಹೊಸ ಸಿಸ್ಟರ್, ದೊಡ್ಡಮ್ಮನ ಕೈಕೆಳಗೇ ಕಲಿತ ಹುಡುಗಿ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಅಲ್ಲಿ ನಡೆದದ್ದು ಆಗ ನನಗೆ ಗೊತ್ತಿಲ್ಲ, ನನಗೆ ಹೊಲಿಗೆ ಹಾಕುತ್ತಿದ್ದರು. ಮಧ್ಯಾಹ್ನ ಬೇಗ ಬರುವ ಪರೀಕ್ಷೆಯ ಫಲ ಬಂತು. ಏನೂ ತೊಂದರೆ ಇಲ್ಲ. ಅತ್ತೆ ವಾರ್ಡಿಗೆಲ್ಲ ಬಿಸ್ಕತ್ತು ಹಂಚಿದರು.

ಆ ದಿನವಿಡೀ ಮಗಳು ಮಲಗಿಯೇ ಇದ್ದಳು. ಎದೆಗೆ ಹಚ್ಚಿದರೆ ನಾಲ್ಕು ಸಲ ಎಳೆದು ಬಿಟ್ಟುಬಿಡುತ್ತಿದ್ದಳು. ನೋಡಲು ಬಂದವರೆಲ್ಲ "ಎಂಥ ಸಾಧು ಮಗು, ಅಳೋದೇ ಇಲ್ವಲ್ಲ" ಅಂದರು. "ಅಜ್ಜಿ ಥರ" ಎಂದು ಅತ್ತೆ ನನ್ನಮ್ಮನನ್ನು ತೋರಿಸಿ ಹೊಗಳಿದರು. ಅಮ್ಮ ನಾಚಿಕೊಂಡು ನಕ್ಕಳು. ಇದನ್ನು ನೆನೆದರೆ ಈಗಲೂ ನನಗೆ ಹಲ್ಲು ಕಡಿಯುವಂತಾಗುತ್ತದೆ. ಒಂದು ಮಗು ಅಳುವ ತ್ರಾಣವಿಲ್ಲದೆ ಬಿದ್ದಿದೆ, ಸುತ್ತ ನಿಂತ ದೊಡ್ಡವರೆಲ್ಲ ಅದಕ್ಕೆ ಒಳ್ಳೆಯ ನಡತೆಯ ಸರ್ಟಿಫಿಕೇಟ್ ಕೊಡುತ್ತಿದ್ದಾರೆ!

ಮಾರನೇ ದಿನ ಬೆಳಗ್ಗೆ ಎರಡನೇ ಸಲ ರಕ್ತ ತೆಗೆಯಲು ಬಂದಾಗ ಅತ್ತೆ ಅಡ್ಡ ನಿಂತರು. "ನಿನ್ನೆ ತಾನೇ ತೆಗೆದ್ರಲ್ಲ? ಚೆನ್ನಾಗಿದೆ ಅಂತ ನೀವೇ ಹೇಳಿದ್ರಲ್ಲ? ಹಸುಗೂಸು ಅಂದ್ರೆ ನಿಮಗೆ ಆಟದ ಸಾಮಾನಾ?" ಗಂಡ ಹಿಂದಿನಿಂದ "ಹೌದು ಡಾಕ್ಟ್ರೇ, ಯಾಕೆ ಸುಮ್ನೆ?" ಅಂದ. ಡಾಕ್ಟರು ಕಾರಣ ಹೇಳಲು ಬಾಯಿ ತೆರೆದರು, ಅತ್ತೆಯ ದನಿ ಏರಿತು, ಅವರು ಬಾಯಿ ಮುಚ್ಚಿದರು. ಅದಕ್ಕೂ ಕೆಲವು ದಿನ ಮುಂಚೆ ಬೇರೆ ಯಾರೋ ರೋಗಿಯ ಕಡೆಯವರು ಬಂದು ಅವರ ಕೊರಳಪಟ್ಟಿ ಹಿಡಿದಿದ್ದರಂತೆ. ಆ ಜಗಳದಲ್ಲಿ ಒಡೆದ ಕಿಟಕಿಗೆ ಇನ್ನೂ ರಟ್ಟು ಅಂಟಿಸಿತ್ತು. ಅವರ ಕಣ್ಣು ಆ ರಟ್ಟಿನ ಮೇಲೆ ಹೋಯಿತು. "ಸರಿ, ಸಂಜೆ ನೋಡೋಣ" ಅಂದು ಹೊರಟುಹೋದರು. ತಿಳಿವಳಿಕೆ ಇಲ್ಲದವರಲ್ಲ ಅವರು. ಎಲ್ಲ ತಿಳಿದೂ ಬಾಲ ಮುದುಡಿಕೊಂಡರು. ತಿಳಿಯದೆ ಹೋಗಿದ್ದರೆ ಕ್ಷಮಿಸುತ್ತಿದ್ದೆನೇನೋ.

ನಾನು ಆಗ ಏನು ಮಾಡುತ್ತಿದ್ದೆ ಎಂದು ಕೇಳುವಿರಿ. ಔಷಧಿ ಕುಡಿಸಿದ್ದರು, ಎದ್ದು ಕೂರಲು ಇಬ್ಬರು ಹಿಡಿಯಬೇಕಿತ್ತು. ಎಲ್ಲರ ಮಾತು ಗೋಡೆಯಾಚೆಯಿಂದ ಬಂದಂತೆ ಕೇಳುತ್ತಿತ್ತು.

ಆಗ ಕಾರಿಡಾರಿನ ಆ ತುದಿಯಿಂದ ದನಿ ಬಂತು. "ಎಲ್ಲೇ ನಮ್ಮ ಹುಡುಗಿ? ಯಾವ ಬೆಡ್ಡು?" ಹೆರಿಗೆಯ ಸುದ್ದಿ ತಿಳಿದು, ಬಸ್ಸಿಳಿದು ನೇರ ಬಂದಿದ್ದಳು ದೊಡ್ಡಮ್ಮ, ಕೈಯಲ್ಲಿ ಚೀಲ ಹಾಗೇ ಇತ್ತು. ಅಕ್ಕಪಕ್ಕದ ಹಾಸಿಗೆಗಳ ಕೂಸುಗಳೆಲ್ಲ ಬೆಚ್ಚಿಬಿದ್ದು ಒಟ್ಟಿಗೇ ಅಳತೊಡಗಿದವು. ಅಮ್ಮ ಎದ್ದು, "ಮೆತ್ತಗೆ ಮಾತಾಡಕ್ಕ, ಮಗು ಮಲಗಿದೆ" ಅಂದಳು.

ದೊಡ್ಡಮ್ಮ ನಿಂತಲ್ಲೇ ನಿಂತಳು. ಇಡೀ ವಾರ್ಡು ಅಳುತ್ತಿತ್ತು, ನನ್ನ ಮಗಳು ಮಾತ್ರ ಮಿಸುಕಿರಲಿಲ್ಲ.

ಅವಳು ಚೀಲ ಕೆಳಗಿಟ್ಟು, ಕೈ ತೊಳೆದು ಬಂದು, ಮಗುವಿನ ಅಂಗಾಲಿಗೆ ಬೆರಳಿನಿಂದ ತಟ್ಟಿದಳು. ಮಗಳು ಬೆಕ್ಕಿನ ಮರಿಯಂತೆ ಒಂದು ಸಣ್ಣ ಸದ್ದು ಮಾಡಿ ಮತ್ತೆ ಕಣ್ಣು ಮುಚ್ಚಿದಳು. ಕೈ ಮುಟ್ಟಿದಳು, ಕಾಲು ಮುಟ್ಟಿದಳು, ಎದೆ ಏರಿ ಇಳಿಯುವುದನ್ನು ನೋಡುತ್ತ ನಿಂತಳು.

"ಯಾವಾಗಿಂದ ಹೀಗಿದೆ?"

"ಹುಟ್ಟಿದಾಗಿಂದ ಸಾಧು" ಎಂದರು ಅತ್ತೆ.

"ಇದು ಸಾಧು ಅಲ್ಲ ಬೀಗರೇ. ಇದು ಸುಸ್ತು. ಮಗು ಸೋಲ್ತಾ ಇದೆ."

ಡಾಕ್ಟರನ್ನು ಕರೆಸಿದಳು. ಹೊಸ ಸಿಸ್ಟರ್ ಕೂಡ ಹಿಂದೆಯೇ ಬಂದಳು. ಬೆಳಗಿನ ಕಥೆಯೆಲ್ಲ ಹೊರಬಿತ್ತು. ಅತ್ತೆ ಮತ್ತೆ ಮತ್ತೆ "ರಿಪೋರ್ಟ್ ಚೆನ್ನಾಗಿದೆ" ಅನ್ನುತ್ತಿದ್ದರು. ಕಲ್ಚರಿನಲ್ಲೂ ಇದುವರೆಗೆ ಏನೂ ಬೆಳೆದಿಲ್ಲ ಎಂದು ಡಾಕ್ಟರೂ ಸೇರಿಸಿದರು.

ದೊಡ್ಡಮ್ಮ ಹುಡುಗಿಯ ಕಡೆ ತಿರುಗಿದಳು. "ಕಲ್ಚರ್ ನೀನೇ ತೆಗೆದೆಯಾ?"

"ಹೂಂ ಮೇಡಂ."

"ಗೀಟು ಮುಟ್ಟಿತಾ?"

ಹುಡುಗಿಯ ಕಣ್ಣಲ್ಲಿ ನೀರು ತುಂಬಿತು.

"ನಿನ್ನನ್ನೇ ಕೇಳ್ತಿರೋದು. ಗೀಟು ಮುಟ್ಟಿತಾ?"

"ಇಲ್ಲ ಮೇಡಂ. ಅಜ್ಜಿ ತುಂಬ ಅಳ್ತಿದ್ರು. ಸಾಕು ಬಿಡಮ್ಮ, ಪಾಪ, ಅಂತ ನನ್ನ ಕೈ ಹಿಡ್ಕೊಂಡ್ರು. ನಿಮ್ಮ ತಂಗಿ ಅಂತ ನಾನೂ... ಸೂಜಿ ತೆಗೆದುಬಿಟ್ಟೆ. ಮೂರ್ನಾಲ್ಕು ಹನಿ ಬಂದಿತ್ತು. ಅಷ್ಟನ್ನೇ ಹಾಕಿದೆ."

ಅಮ್ಮ ನನ್ನ ಮಂಚದ ಕಾಲ ಬಳಿ ನಿಂತಿದ್ದಳು. ತಾನು ಮಾಡಿದ್ದು ತಪ್ಪು ಎಂದೇ ಆ ಕ್ಷಣದವರೆಗೆ ಅವಳಿಗೆ ಗೊತ್ತಿರಲಿಲ್ಲ. ಮೊಮ್ಮಗಳನ್ನು ನೋವಿನಿಂದ ಬಿಡಿಸಿದೆ ಅಂದುಕೊಂಡಿದ್ದಳು.

ದೊಡ್ಡಮ್ಮ ಎಷ್ಟು ಬೈಯುತ್ತಾಳೋ ಎಂದು ಎಲ್ಲರೂ ಅಂದುಕೊಂಡಿದ್ದೆವು. ಅವಳು ತಂಗಿಯ ಹತ್ತಿರ ಹೋಗಿ, "ನೋಡೋಕಾಗ್ಲಿಲ್ಲ ಅಲ್ವಾ ನಿಂಗೆ?" ಅಂದಳು. "ನೋಡೋಕಾಗದಿದ್ರೆ ಕಣ್ಣು ಮುಚ್ಕೋಬೇಕಿತ್ತು ಕಣೇ. ಅವಳ ಕೈ ಯಾಕೆ ಹಿಡಿದೆ?"

ಅಮ್ಮ ಅಲ್ಲೇ ಕುಸಿದು ಕೂತಳು.

"ಡಾಕ್ಟ್ರೇ, ಈಗ್ಲೇ ಮತ್ತೆ ತೆಗೆದು, ಸೂಜಿ ತೆಗೆದ ಕೂಡ್ಲೇ ಔಷಧಿ ಶುರುಮಾಡಿ. ಫಲ ಬರಲಿ ಅಂತ ಕಾಯಬೇಡಿ. ನಿಮಗೆ ನಾನು ಹೇಳಬೇಕಾ?"

"ಬೇಡ ಸಿಸ್ಟರ್, ನಾನೂ ಬೆಳಗ್ಗೆ ಅದೇ ಅಂದೆ, ಇವರು ಬಿಡಬೇಕಲ್ಲ..."

"ಬಿಡೋದೇ ಇಲ್ಲ" ಎಂದರು ಅತ್ತೆ. "ಇದು ನಮ್ಮ ಮನೆ ಮಗು. ನಿನ್ನೆಯವರೆಗೆ ಪತ್ತೆ ಇಲ್ಲ, ಇವತ್ತು ಬಂದು ದರ್ಬಾರು ಮಾಡೋಕೆ ನೀವ್ಯಾರು? ಕೆಲಸದಿಂದ ಇಳಿದ ಮೇಲೂ ಚಟ ಬಿಟ್ಟಿಲ್ಲ ನಿಮಗೆ. ಸ್ವಂತ ಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು."

ದೊಡ್ಡಮ್ಮನ ಬಾಯಿ ಕಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅತ್ತೆ ಹೇಳಿದ್ದರಲ್ಲಿ ಒಂದು ಮಾತು ನಿಜವಿತ್ತು, ಅವಳಿಗೆ ಅಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಅವಳು ನನ್ನ ಕಡೆ ನೋಡಿದಳು. ಏನೂ ಕೇಳಲಿಲ್ಲ, ಬರೀ ನೋಡಿದಳು.

ನನ್ನೊಳಗೆ ಏನೋ ಕಿತ್ತುಕೊಂಡು ಬಂತು. ತುಂಬಿದ ಬಸ್ಸಿನ ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿಗೆ ಕೇಳಿಸುವಂತೆ ಕೂಗಿ ಕೂಗಿ ಪಳಗಿದ ಗಂಟಲು ನನ್ನದು.

"ತೆಗೀರಿ!" ಎಂದು ಕಿರುಚಿದೆ. ಹೊಲಿಗೆ ಬಿಟ್ಟುಹೋದಷ್ಟು ನೋವಾಯಿತು. "ಅವಳ ತಾಯಿ ನಾನು. ನಾನು ಹೇಳ್ತಿದೀನಿ, ತೆಗೀರಿ! ಅಡ್ಡ ಬಂದವರನ್ನ ಆಚೆ ಕಳಿಸಿ. ಅತ್ತೆ, ನೀವೂ ಆಚೆ ಹೋಗಿ. ರೀ, ನಿಮ್ಮ ಅಮ್ಮನ್ನ ಕರ್ಕೊಂಡು ಹೋಗ್ರೀ!"

ಗಂಡ ಮೊದಲ ಸಲ ನನ್ನ ಬಸ್ಸಿನ ದನಿ ಕೇಳಿದ್ದು. ತಾಯಿಯ ಭುಜ ಹಿಡಿದು ಹೊರಗೆ ನಡೆದ.

ಡಾಕ್ಟರು ಸಿರಿಂಜ್ ತರಿಸಿದರು. ಹುಡುಗಿಯ ಕೈ ನಡುಗುತ್ತಿತ್ತು, ದೊಡ್ಡಮ್ಮನ ಕೈಯೂ ನಡುಗುತ್ತಿತ್ತು, ಕಾರಣ ಬೇರೆ ಬೇರೆ. "ನನ್ನಿಂದಾಗಲ್ಲ, ನೀನೇ ತೆಗೀಬೇಕು" ಎಂದಳು ದೊಡ್ಡಮ್ಮ. "ಈ ಕೆಲಸ ನಿಂಗೆ ಚೆನ್ನಾಗಿ ಬರುತ್ತೆ, ನಾನೇ ಕಲಿಸಿದ್ದು. ಹೂಂ, ಬಟ್ಟೆ ಸುತ್ತು." ಆಮೇಲೆ ಮಂಚದ ಕಾಲ ಬಳಿ ಕುಕ್ಕರಿಸಿದ್ದ ತಂಗಿಯನ್ನು ತೋಳು ಹಿಡಿದು ಎಬ್ಬಿಸಿದಳು. "ಮಗು ಕೈ ನೀನು ಹಿಡ್ಕೋ."

"ನನ್ನ ಕೈಲಾಗಲ್ಲ ಅಕ್ಕ."

"ಆಗುತ್ತೆ. ನಿನ್ನೆ ಆ ಹುಡುಗಿ ಕೈ ಹಿಡಿದ್ಯಲ್ಲ, ಅಷ್ಟೇ ಗಟ್ಟಿಯಾಗಿ ಹಿಡಿ."

ಕ್ರೂರವಾದ ಮಾತು. ಆದರೆ ಅಮ್ಮ ಹಿಡಿದಳು. ನನ್ನ ಮಂಚದಿಂದ ನನಗೆ ಕಾಣುತ್ತಿದ್ದದ್ದು ಅಮ್ಮನ ಬೆನ್ನು ಮತ್ತು ಹುಡುಗಿಯ ಮೊಣಕೈ ಮಾತ್ರ. ಸ್ಪಿರಿಟ್ ವಾಸನೆ ಬಂತು. ಒಣಗುವ ತನಕ ಎಲ್ಲರೂ ಕಾದರು. ಸೂಜಿ ಹೋದಾಗ ಮಗಳು ಆ ಬೆಕ್ಕಿನ ಮರಿಯ ದನಿಯಲ್ಲಿ ಅತ್ತಳು. ಅಮ್ಮನ ಬೆನ್ನು ಅದುರಿತು. ಬಾಯಿಂದ ಒಂದು ಮಾತೂ ಬರಲಿಲ್ಲ. ರಕ್ತ ನಿಧಾನ ಬರುತ್ತಿತ್ತೆಂದು ಕಾಣುತ್ತದೆ, ದೊಡ್ಡಮ್ಮ "ನಿಲ್ಲಿಸಬೇಡ, ಬರುತ್ತೆ, ನಿಲ್ಲಿಸಬೇಡ" ಅನ್ನುತ್ತಲೇ ಇದ್ದಳು. ಎಷ್ಟು ಹೊತ್ತೋ ಏನೋ, ನನಗೆ ಯುಗವಾಯಿತು.

ಕೊನೆಗೆ ಕೇಳಿಸಿದ್ದು ಅಮ್ಮನ ದನಿ. "ಮುಟ್ಟಿತು ಅಕ್ಕ" ಅಂದಳು. ಅವಳು ಕಣ್ಣು ಮುಚ್ಚಿರಲಿಲ್ಲ.

ಔಷಧಿ ಆಗಲೇ ಶುರುವಾಯಿತು. ಮಧ್ಯಾಹ್ನಕ್ಕೆ ಬೇಗ ಬರುವ ಪರೀಕ್ಷೆಯ ಫಲ ಬಂತು, ಆ ಅಂಶ ಮೇರೆ ಮೀರಿ ಏರಿತ್ತು. ಬೆನ್ನುಹುರಿಯ ನೀರು ತೆಗೆದು ನೋಡಿದರು, ಸೋಂಕು ಮಿದುಳಿನ ಹೊದಿಕೆಯವರೆಗೆ ಹೋಗಿತ್ತು. ಮಾರನೇ ದಿನ ಎರಡನೇ ಬಾಟಲಿಯಲ್ಲಿ ಕ್ರಿಮಿ ಬೆಳೆಯಿತು. ಮೊದಲನೇ ಬಾಟಲಿಯಲ್ಲಿ ಕೊನೆಯವರೆಗೂ ಏನೂ ಬೆಳೆಯಲಿಲ್ಲ. ಒಂದೇ ಮಗುವಿನ ರಕ್ತ. ನಡುವೆ ಇದ್ದದ್ದು ಒಂದು ಗೀಟು.

ಮಗಳು ಆ ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇದ್ದಳು. ದೊಡ್ಡಮ್ಮ ದಿನವೂ ಬಂದು ಕಾರಿಡಾರಿನ ಬೆಂಚಿನಲ್ಲಿ ಕೂರುತ್ತಿದ್ದಳು. ಒಳಗೆ ಬನ್ನಿ ಎಂದು ಹಳೆಯ ಸಹೋದ್ಯೋಗಿಗಳು ಕರೆದರೂ, ಬೇರೆಯವರ ಮನೆಯವರಿಗೆ ಇಲ್ಲದ ರಿಯಾಯಿತಿ ನನಗೆ ಬೇಡ ಎಂದು ಹೋಗುತ್ತಿರಲಿಲ್ಲ. ಹುಡುಗಿಯೊಬ್ಬಳು ಹೊರಗೆ ಬಂದರೆ ಅಲ್ಲಿಂದಲೇ "ಹಾಲು ಕುಡಿದಳಾ?" ಎಂದು ಕೂಗುತ್ತಿದ್ದಳು. ಅಮ್ಮ ಪಕ್ಕದಲ್ಲಿ ಕೂತಿರುತ್ತಿದ್ದಳು. ಇಬ್ಬರೂ ಒಂದೇ ಫ್ಲಾಸ್ಕಿನಿಂದ ಕಾಫಿ ಕುಡಿಯುತ್ತಿದ್ದರು.

ಮಗಳು ಬದುಕಿದಳು. ಇಲ್ಲಿಗೆ ಮುಗಿಸಿದರೆ ಎಲ್ಲರಿಗೂ ಹಿತ. ಆದರೆ ಅವಳು ನಡೆಯಲು ಕಲಿತ ಕಾಲದಲ್ಲಿ ಒಂದು ದಿನ ಅಡುಗೆಮನೆಯಲ್ಲಿ ನನ್ನ ಕೈಯಿಂದ ಸ್ಟೀಲಿನ ತಟ್ಟೆ ಜಾರಿ ಬಿತ್ತು. ಅವಳು ನನಗೆ ಬೆನ್ನು ಹಾಕಿ ಡಬ್ಬಿ ಜೋಡಿಸುತ್ತಿದ್ದಳು. ತಿರುಗಲಿಲ್ಲ. ನಾನು ಇನ್ನೊಂದು ತಟ್ಟೆಯನ್ನು ಬೇಕೆಂದೇ ಬೀಳಿಸಿದೆ. ತಿರುಗಲಿಲ್ಲ. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಗಟ್ಟಿ ಸದ್ದು ಮಾತ್ರ ಕೇಳುತ್ತದೆ, ಆಗಿನ ಸೋಂಕಿನ ಉಳಿಕೆ ಇದು ಎಂದರು. ಔಷಧಿ ಒಂದು ದಿನ ಮುಂಚೆ ಶುರುವಾಗಿದ್ದರೆ, ಎಂದು ಕೇಳಿದೆ. ಅವರು ಒಳ್ಳೆಯವರು. "ಹೇಳೋದು ಕಷ್ಟ" ಅಂದರು.

ಕಷ್ಟವಿರಬಹುದು. ನನಗೇನೂ ಕಷ್ಟವಿಲ್ಲ. ನನ್ನ ಮಗಳ ಕಿವಿಯನ್ನು ಕಿತ್ತುಕೊಂಡದ್ದು ಬಿಸ್ಕತ್ತು ಹಂಚಿದ ಆ ಒಂದು ಹಗಲು ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅತ್ತೆ ಈಗಲೂ ನೆಂಟರ ಮುಂದೆ, "ಮೊದಲನೇ ರಿಪೋರ್ಟ್ ಚೆನ್ನಾಗೇ ಇತ್ತು. ಆಮೇಲೆ ಚುಚ್ಚಿ ಚುಚ್ಚಿ ಮಗು ಕಿವಿ ಹಾಳುಮಾಡಿದ್ರು" ಅನ್ನುತ್ತಾರೆ. ಕೇಳಿದವರು ನನ್ನ ಮಗಳ ತಲೆ ಸವರಿ "ಅಯ್ಯೋ ಪಾಪ" ಅನ್ನುತ್ತಾರೆ. ಆಗ ನಾನು ಆ ನೆಂಟರನ್ನೆಲ್ಲ ಹಾಗೇ ಎಬ್ಬಿಸಿ ಕಳಿಸಿದ್ದುಂಟು. ಕಂಡಕ್ಟರಮ್ಮನಿಗೆ ಬಾಯಿ ಜಾಸ್ತಿ ಎಂದು ಬೀದಿಯಲ್ಲಿ ಹೆಸರಾಗಿದೆ. ಆಗಲಿ. ಆ ಹುಡುಗಿ, ಹೊಸ ಸಿಸ್ಟರ್, ಈಗ ಅದೇ ಕೋಣೆಯಲ್ಲಿ ಹಳಬಳು. ಸೂಜಿ ಹಿಡಿದಾಗ ಅಜ್ಜಿಯರನ್ನು ಹೊರಗೆ ಹಾಕಿ ಚಿಲಕ ಹಾಕಿಕೊಳ್ಳುತ್ತಾಳಂತೆ. ಅವಳಿಗೂ ಕರುಳಿಲ್ಲ ಎಂಬ ಹೆಸರು ಬಂದಿದೆಯಂತೆ.

ಅಮ್ಮನ ಮೇಲೆ ನನಗೆ ಸಿಟ್ಟು ಹೋಗಿದೆಯೇ? ಹೋಗಿಲ್ಲ. ಅವಳ ಮೇಲೆ ಪ್ರೀತಿಯೂ ಹೋಗಿಲ್ಲ. ಅವಳು ಮೊಮ್ಮಗಳಿಗೆಂದು ಕಟ್ಟಿದ ಹಾಡುಗಳಿವೆ, ತೊಟ್ಟಿಲ ಪಕ್ಕ ಕೂತು ಹೇಳುವಂಥವು. ಒಂದೂ ಮಗಳಿಗೆ ಕೇಳುವುದಿಲ್ಲ. ಕಿವಿಗೆ ಯಂತ್ರ ಹಾಕಿಸಿದ್ದೇವೆ, ಅದನ್ನು ಅವಳು ಆಟದ ಹೊತ್ತಿನಲ್ಲಿ ಕಿತ್ತು ಎಲ್ಲೆಂದರಲ್ಲಿ ಇಡುತ್ತಾಳೆ.

ಮೊನ್ನೆ ನಾನು ಕೆಲಸ ಮುಗಿಸಿ ಮನೆಗೆ ಬರುವಾಗ ಅಮ್ಮ ಗೇಟಿನ ಬಳಿ ನಿಂತಿದ್ದಳು. ಮಗಳು ರಸ್ತೆಯ ಆ ತುದಿಯಲ್ಲಿ, ಸುರಿದಿದ್ದ ಮರಳಿನ ರಾಶಿಯ ಮೇಲೆ ಮನೆ ಕಟ್ಟುತ್ತಿದ್ದಳು, ಬೆನ್ನು ನಮ್ಮ ಕಡೆಗೆ. ಅಮ್ಮ ಅವಳನ್ನು ಊಟಕ್ಕೆ ಕರೆಯುತ್ತಿದ್ದಳು. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದಳೋ, ಕೊರಳ ನರ ಉಬ್ಬಿತ್ತು, ದನಿ ಮಾತ್ರ ಗೇಟು ದಾಟುತ್ತಿರಲಿಲ್ಲ. ಇದ್ದಷ್ಟು ಗಂಟಲನ್ನೆಲ್ಲ ಹಾಕಿದರೂ ಅವಳಿಗೆ ಬರುವುದು ಅಷ್ಟೇ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಮನೆಯ ಕಡೆ ತಿರುಗಿ, ಒಳಗೆ ಪೇಪರ್ ಓದುತ್ತಿದ್ದ ದೊಡ್ಡಮ್ಮನನ್ನು ಕೂಗಿದಳು.

"ಅಕ್ಕಾ, ನೀನು ಬಂದು ಕರಿ. ಜೋರಾಗಿ ಕರಿ."